ಹಗರೆಯ ಸೊನ್ನೆ

ಬೆಂಗಳೂರಿನಿಂದ ಬೆಳಗ್ಗೆ ಹೊರಟ ಪ್ಯಾಸೆಂಜರ್ ರೈಲು ಅರಸೀಕೆರೆ ಜಂಕ್ಷನ್ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಉತ್ತರೆ ಮಳೆಯ ದಿನಗಳು, ಆದರೂ ಪ್ಲಾಟ್‌ಫಾರಂ ಕಾಲಿಡಲಾಗದಷ್ಟು ಸುಡುತ್ತಿತ್ತು. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ, ಕಾಫಿ ಮುಗಿಸಿ ಕೊಬ್ಬರಿ ಮಂಡಿಗಳ ಬೀದಿ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ. ಕೊಬ್ಬರಿಯ ವಾಸನೆ ಸೀರೆಗೆ ಅಂಟಿಕೊಂಡು ಹಳೇಬೀಡಿನವರೆಗೂ ನನ್ನ ಜೊತೆ ಬಂತು.

ನನ್ನ ಕೆಲಸ ಮಳೆಯದು. ಊರೂರಿನಿಂದ ಬರುವ ಮಳೆಯ ಅಂಕಿಗಳನ್ನು ಒಂದು ಕಾಗದದಿಂದ ಇನ್ನೊಂದು ಕಾಗದಕ್ಕೆ ಇಳಿಸುತ್ತಾ ಕಚೇರಿಯಲ್ಲಿ ಹದಿನೆಂಟು ವರ್ಷ ಕಳೆದಿದ್ದೇನೆ. ಈ ಹದಿನೆಂಟು ವರ್ಷದಲ್ಲಿ ಮಳೆ ಅಳೆಯುವುದನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲ ಎಂದರೆ ನೀವು ನಗಬಹುದು. ಸಹೋದ್ಯೋಗಿ ಪದ್ಮಾಗೂ ನಗು ಬಂದಿತ್ತು. "ನಾಲ್ಕು ದಿನ ರಜೆ ಹಾಕು, ಹಳೇಬೀಡಲ್ಲಿ ನನ್ನ ತಂಗಿ ಮನೆಯಿದೆ, ಶಿಲ್ಪ ನೋಡಿ ಬಾ, ಅಂಕಿ ನೋಡೀ ನೋಡೀ ಕಣ್ಣು ಹಾಳಾಗಿದೆ" ಎಂದು ಅವಳೇ ನನ್ನನ್ನು ಹೊರಡಿಸಿದ್ದಳು.

ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋಗಿ, ಅಲ್ಲಿಂದ ಹಗರೆ ಸುತ್ತಿ ಬೇಲೂರು, ಅರೇಹಳ್ಳಿ ಸೇರುವ ಬಸ್ಸು ಅದು. ಹಳೇಬೀಡಿಗೆ ಟಿಕೆಟ್ ಮೂರು ರೂಪಾಯಿಯ ಒಳಗೇ ಇತ್ತು. ಮುಂದಿನ ಸೀಟು ಸಿಕ್ಕಿತು. ಬಸ್ಸು ಹೊರಡುವ ಹೊತ್ತಿಗೆ ನೀಲಿ ಲಂಗದ ಒಬ್ಬ ಶಾಲೆಯ ಹುಡುಗಿ ಓಡಿ ಬಂದು, ಬಟ್ಟೆಯಲ್ಲಿ ಸುತ್ತಿದ ದಪ್ಪ ನೋಟ್‌ಬುಕ್ಕೊಂದನ್ನು ಕಂಡಕ್ಟರ್ ರಂಗಸ್ವಾಮಿಯ ಕೈಗಿಟ್ಟು ಹೋದಳು. ಅವರು ಅದನ್ನು ತಂದು ನನ್ನ ತೊಡೆಯ ಮೇಲಿಟ್ಟರು.

"ಅಮ್ಮಾವ್ರೇ, ಹಳೇಬೀಡು ತನಕ ಸ್ವಲ್ಪ ಹಿಡ್ಕೊಂಡಿರಿ. ನನ್ ಬ್ಯಾಗಲ್ಲಿಟ್ರೆ ಮೂಲೆ ಮಡ್ಚ್ಕೊಂಡ್ ಹೋಗ್ತದೆ. ಆಮೇಲೆ ಆ ಹೆಣ್ಮಕ್ಳು ನನ್ನ ಬಯ್ತವೆ."

"ಏನ್ರೀ ಇದು?"

"ಮಳೆ ಬುಕ್ಕು."

ನನಗೆ ಕೋಪವೇ ಬಂತು. ಮಳೆಯ ಅಂಕಿಯಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟು ಬಂದರೆ ಅದು ಬಸ್ಸು ಹತ್ತಿ ತೊಡೆಯ ಮೇಲೇ ಬಂದು ಕೂತಿತ್ತು. ಆದರೂ ಬಟ್ಟೆ ಬಿಚ್ಚಿದೆ. ಮೊದಲ ಪುಟದಲ್ಲಿ ಗುಂಡಗಿನ ಅಕ್ಷರದಲ್ಲಿ ಒಂದೇ ಸಾಲು: "ಮಲೆನಾಡು ಯಾವ ಸ್ಟಾಪಿನಲ್ಲಿ ಶುರುವಾಗುತ್ತದೆ?"

ರಂಗಸ್ವಾಮಿ ಟಿಕೆಟ್ ಹರಿಯುವ ನಡುನಡುವೆ ಕಥೆ ಹೇಳಿದರು. ಬೇಲೂರಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು ಬಯಲುಸೀಮೆ, ಮಲೆನಾಡು ಎಂದು ಪಾಠ ಮಾಡುವಾಗ ಒಂದು ಹುಡುಗಿ ಈ ಪ್ರಶ್ನೆ ಕೇಳಿದಳಂತೆ. ಮೇಷ್ಟ್ರು ಗೊತ್ತಿಲ್ಲ ಎಂದರಂತೆ. ಹಾಗಾದರೆ ಅಳೆದು ನೋಡೋಣ ಎಂದು ಮಕ್ಕಳೇ ಬಸ್ಸಿನ ದಾರಿಯ ಇನ್ನು ನಾಲ್ಕು ಶಾಲೆಗಳಿಗೆ ಕಾಗದ ಬರೆದರು. ಅವರದೂ ಸೇರಿ ಐದು: ಅರಸೀಕೆರೆ, ಹಳೇಬೀಡು, ಹಗರೆ, ಬೇಲೂರು, ಅರೇಹಳ್ಳಿ. ಐದೂ ಕಡೆ ಒಂದೇ ಅಳತೆಯ ಹಾಲಿನಪುಡಿ ಡಬ್ಬ. ದಿನಾ ಬೆಳಗ್ಗೆ ಪ್ರಾರ್ಥನೆಯ ಗಂಟೆಗೆ ಅದರಲ್ಲಿ ಸ್ಕೇಲು ಇಳಿಸಿ ನೀರಿನ ಎತ್ತರ ನೋಡಬೇಕು. ಬಸ್ಸು ಪುಸ್ತಕವನ್ನು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆ.

ನಾನು ಪುಟ ತಿರುವಿದೆ. ನಮ್ಮ ಕಚೇರಿಗೆ ಬರುವ ಎಷ್ಟೋ ಫಾರಂಗಳಿಗಿಂತ ಅಂಕಣಗಳು ನೇರವಾಗಿದ್ದವು. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಸಂಕ್ರಾಂತಿಯ ದಿನವೂ ಬರೆದಿದ್ದಾರೆ, ಬೇಸಿಗೆ ರಜೆಯಲ್ಲೂ ಬರೆದಿದ್ದಾರೆ. ಹಾಗೆ ಓದುತ್ತಾ ಎರಡು ದಿನದ ಹಿಂದಿನ ಮಂಗಳವಾರದ ಮಳೆಯ ಸಾಲಿಗೆ ಬಂದೆ. ಅರಸೀಕೆರೆ ಒಂಬತ್ತು ಮಿಲಿಮೀಟರ್, ಹಳೇಬೀಡು ಮೂವತ್ತೊಂದು, ಹಗರೆ ಸೊನ್ನೆ, ಬೇಲೂರು ಮೂವತ್ತೆಂಟು, ಅರೇಹಳ್ಳಿ ಐವತ್ತೆರಡು.

ಎರಡು ಊರಿನ ಜಡಿಮಳೆಯ ನಡುವೆ ಒಂದು ಸೊನ್ನೆ ಬಂದರೆ ನಮ್ಮ ಮೇಜಿನಲ್ಲಿ ಮಾಡುವುದು ಒಂದೇ. ಕೆಂಪು ಪೆನ್ಸಿಲ್ಲಿನಿಂದ ಅದಕ್ಕೊಂದು ಸುತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಯಾರೋ ಡಬ್ಬ ನೋಡದೆ ಬರೆದಿದ್ದಾರೆ ಎಂದು ಅರ್ಥ. ಕೈಚೀಲದಲ್ಲಿ ಪೆನ್ಸಿಲ್ ಇತ್ತು. ನಾನು ಯೋಚಿಸಲೂ ಇಲ್ಲ, ಕೈ ತಾನಾಗಿಯೇ ಸುತ್ತು ಹಾಕಿಬಿಟ್ಟಿತು.

ಪದ್ಮಾಳ ತಂಗಿಯ ಮನೆ ಬಸದಿಗಳ ಹತ್ತಿರ. ಜೈನರ ಮನೆಯಾದ್ದರಿಂದ ಸೂರ್ಯ ಮುಳುಗುವ ಮೊದಲೇ ಊಟವಾಗಬೇಕು, ಹಾಗಾಗಿ ಕೈಕಾಲು ತೊಳೆದವಳೇ ಎಲೆಯ ಮುಂದೆ ಕೂತೆ. ಚಪಾತಿ, ಹೆಸರುಬೇಳೆ ತೊವ್ವೆ, ಮಜ್ಜಿಗೆ. ಮನೆಯ ಮಗಳು ಸುಜಾತ ಏಳನೇ ಕ್ಲಾಸು. ಹಳೇಬೀಡಿನ ಡಬ್ಬ ಅವಳದೇ ಎಂದು ತಿಳಿದು ನನಗೆ ಖುಷಿಯಾಯಿತು. ಸ್ಟಾಪಿನಿಂದ ತಂದಿದ್ದ ಪುಸ್ತಕವನ್ನು ಅವಳು ಬಿಚ್ಚಿದಳು, ಕೆಂಪು ಸುತ್ತು ನೋಡಿದಳು, ಮುಖ ಸಪ್ಪಗಾಯಿತು.

"ಇದು ಯಾರು ಹಾಕಿದ್ದು ದೊಡ್ಡಮ್ಮ?"

"ನಾನೇ ಕಣೇ. ಅಲ್ಲಿ ಯಾರೋ ಡಬ್ಬ ನೋಡದೆ ಬರೆದಿದ್ದಾರೆ."

"ಹಗರೆ ಜಯಮ್ಮ ನೋಡದೆ ಬರೆಯಲ್ಲ."

ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತಾ ನಾನು ಊಟ ನಿಲ್ಲಿಸಿದೆ. ಪುಸ್ತಕಕ್ಕೆ ಮಕ್ಕಳೇ ಮಾಡಿಕೊಂಡ ನಿಯಮಗಳಿವೆ. ಒಂದು ಶಾಲೆಯ ಅಂಕಿಯ ಮೇಲೆ, ಯಾರು ಹಾಕಿದ್ದೇ ಆಗಲಿ, ಎರಡು ಸಲ ಸಂಶಯದ ಗುರುತು ಬಿದ್ದು, ಆ ಸಂಶಯ ಸುಳ್ಳೆಂದು ತೋರಿಸಲಾಗದಿದ್ದರೆ ಆ ಶಾಲೆ ಡಬ್ಬ ಒಪ್ಪಿಸಿ ಹೊರಗೆ ಹೋಗಬೇಕು. ಹಗರೆಗೆ ಹೋದ ವರ್ಷವೇ ಒಂದು ಬಿದ್ದಿತ್ತು. ಆಗ ಡಬ್ಬ ನೋಡುತ್ತಿದ್ದವರು ಎರಡು ದಿನದ ಮಳೆಯನ್ನು ಅಂದಾಜಿನಲ್ಲಿ ತುಂಬಿದ್ದರು. ಅದಾದ ಮೇಲೆ ಯಾರಿಗೂ ಬೇಡವಾದ ಡಬ್ಬವನ್ನು ಈ ಜಯಮ್ಮ ತಾನು ನೋಡಿಕೊಳ್ಳುತ್ತೇನೆಂದು ಕೇಳಿ ಪಡೆದಿದ್ದಳು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬೇಲೂರಿನಲ್ಲಿ ಐದು ಶಾಲೆಯವರ ಸಭೆ. ಅಲ್ಲಿ ತೀರ್ಮಾನ.

"ರಬ್ಬರ್ ಕೊಡು, ಅಳಿಸಿಬಿಡ್ತೀನಿ" ಎಂದೆ.

"ಈ ಪುಸ್ತಕದಲ್ಲಿ ಏನೂ ಅಳಿಸೋ ಹಾಗಿಲ್ಲ ದೊಡ್ಡಮ್ಮ. ಅದೇ ಮೊದಲನೇ ನಿಯಮ."

ಶುಕ್ರವಾರ ಬೆಳಗ್ಗೆ ಹೊಯ್ಸಳೇಶ್ವರ ನೋಡಿದೆ. ಗೋಡೆಯ ಬುಡದಲ್ಲಿ ಸಾಲು ಸಾಲಾಗಿ ನಡೆದ ಆನೆಗಳು ಒಂದರಂತೆ ಒಂದಿಲ್ಲ ಎಂದು ಎಲ್ಲರೂ ಬರೆದಿದ್ದಾರೆ, ಅದು ನಿಜ. ನಾನು ಅರ್ಧ ಸುತ್ತು ಬಂದು, ಜಯಮ್ಮನನ್ನು ಕಾಣಲು ಹಗರೆಯ ಬಸ್ಸಿಗೆ ಓಡಿದೆ. ನನಗಿಂತ ಮೊದಲೇ ಪುಸ್ತಕ ಬಸ್ಸಿನಲ್ಲಿತ್ತು.

ಹಗರೆಯ ಸ್ಟಾಪಿನಲ್ಲಿ ಹಾಲಿನ ಕ್ಯಾನುಗಳ ಸಾಲು, ಅದರ ಪಕ್ಕ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದ ತೆಳ್ಳನೆಯ ಹುಡುಗಿ. ರಂಗಸ್ವಾಮಿ ಪುಸ್ತಕ ಕೊಟ್ಟು ನನ್ನ ಕಡೆ ಬೆರಳು ತೋರಿಸಿ, "ಕೆಂಪು ಗೀಟು ಹಾಕಿದ್ದು ಇವ್ರೇ ಕಣವ್ವ" ಎಂದರು. ಜಯಮ್ಮ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನನ್ನು ನೇರವಾಗಿ ನೋಡಿ ಕೇಳಿದಳು.

"ಮೇಡಮ್ಮೋರೆ, ಮಂಗಳವಾರ ನೀವು ನಮ್ಮೂರಿಗೆ ಬಂದಿದ್ರಾ?"

"ಇಲ್ಲಮ್ಮ."

"ಮತ್ತೆ ಮಳೆ ಬಂತು ಅಂತ ಯಾರು ಹೇಳಿದ್ರು?"

ಹದಿನೆಂಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಆ ಕಡೆ ಈ ಕಡೆ ಬಂದಿದೆಯಲ್ಲ ಎಂದು ಏನೋ ಗೊಣಗಿದೆ.

"ಯಾರೂ ನಂಬಕ್ಕಿಲ್ಲ ಅಂತ ನಂಗೊತ್ತಿತ್ತು. ಊಟಕ್ಕೆ ಬಿಟ್ಟವ್ರೆ, ಬನ್ನಿ, ತೋರಿಸ್ತೀನಿ" ಎಂದು ಅವಳು ಮುಂದೆ ನಡೆದಳು.

ಬೇಲೂರು, ಹಳೇಬೀಡು ಎರಡೂ ಮಂಗಳವಾರ ಮಧ್ಯಾಹ್ನ ತೊಯ್ದು ತೊಪ್ಪೆಯಾದ ಸುದ್ದಿಯನ್ನು ಬುಧವಾರ ಬೆಳಗ್ಗೆ ಬಸ್ಸು ತಂದಿತ್ತು. ಅವತ್ತೇ ಇವಳು ಮನೆಮನೆಗೆ ಹೋಗಿ ಮಂಗಳವಾರ ಅಂಗಳದಲ್ಲಿ ಯಾರು ಏನು ಒಣಗಲು ಹಾಕಿದ್ದರು, ಯಾವಾಗ ತೆಗೆದರು ಎಂದು ಕೇಳಿ ಬರೆದುಕೊಂಡಿದ್ದಳು. ಒಬ್ಬರ ಮನೆಯಲ್ಲಿ ಹಿಟ್ಟು ಮಾಡಿಸಲು ತೊಳೆದ ರಾಗಿ, ಇನ್ನೊಬ್ಬರಲ್ಲಿ ಮೆಣಸಿನಕಾಯಿ, ಮತ್ತೊಬ್ಬರಲ್ಲಿ ಒಗೆದ ಕಂಬಳಿ. ಎಲ್ಲವೂ ದೀಪ ಹಚ್ಚುವ ತನಕ ಹೊರಗೇ ಇದ್ದವು. ಹೀಗೆ ಹದಿನೇಳು ಮನೆ. ಶಾಲೆಯಲ್ಲಿ ಅವಳಿಗೆ ಇದನ್ನು ಯಾರು ಕಲಿಸಿದರು ಎಂದರೆ, ಯಾರೂ ಇಲ್ಲ.

"ಆದ್ರೆ ಜನ ನಮ್ಮೂರಿನ ಮಾನಕ್ಕೆ ಸುಳ್ಳೂ ಹೇಳ್ಬೋದು ಅಲ್ವಾ?" ಎಂದಳು. ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದು. "ಅದಕ್ಕೇ ಇಲ್ಲಿಗೆ ಬಂದೆ" ಎಂದು ಅವಳೇ ಮುಂದುವರಿಸಿದಳು.

ಊರ ಹೊರಗೆ ಕೆರೆಯ ಮಗ್ಗುಲಿಗೆ ನಂಜಯ್ಯ ಎಂಬವರು ಹಸಿಮಣ್ಣನ್ನು ಅಚ್ಚಿಗೆ ಹಾಕಿ ಇಟ್ಟಿಗೆ ಬಡಿಯುತ್ತಿದ್ದರು. ದಿನಕ್ಕೊಂದು ಸಾಲು. ಸಾಲಿನ ಮೊದಲ ಹಸಿ ಇಟ್ಟಿಗೆಯ ಮೇಲೆ ಕಡ್ಡಿಯಿಂದ ವಾರದ ಮೊದಲಕ್ಷರ ಗೀರಿಡುವುದು ಅವರ ಪದ್ಧತಿ. "ಯಾವ ಸಾಲು ಮೊದ್ಲು ಗೂಡಿಗೆ ಹೋಗ್ಬೇಕು ಅಂತ ತಿಳೀಬೇಕಲ್ಲ ಮತ್ತೆ" ಎಂದರು. ಜಯಮ್ಮ 'ಮಂ' ಎಂದು ಗೀರಿದ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಅಕ್ಷರದ ಪಕ್ಕದಲ್ಲಿ ಒಂದು ಕೋಳಿಯ ಹೆಜ್ಜೆ, ಮೂರು ಬೆರಳೂ ಉಗುರೂ ಸ್ಪಷ್ಟವಾಗಿ ಮೂಡಿದ್ದವು. ಮೇಲೆ ಒಂದು ಹನಿಯ ಗುಳಿಯೂ ಇಲ್ಲ.

ನಾನು ಸೋಲಲು ಸಿದ್ಧಳಾಗಿರಲಿಲ್ಲ. "ಮೋಡ ನೋಡಿ ತೆಂಗಿನ ಗರಿ ಮುಚ್ಚಿರಬಹುದಲ್ಲ?"

"ಗರಿ ತರಾಕೆ ಹೋಗಿದ್ದೆ ತಾಯಿ. ತರೋ ಹೊತ್ತಿಗೆ ಕೋಳಿ ತುಳಿದಿತ್ತು, ಮೋಡ ಅತ್ಲಾಗೆ ಹೋಗಿತ್ತು" ಎಂದರು ನಂಜಯ್ಯ.

ಜಯಮ್ಮ ಅವರ ಮಾತನ್ನೂ ನಂಬಿಕೊಂಡು ಕೂತಿರಲಿಲ್ಲ. ಬುಧವಾರ ಇನ್ನೆರಡು ಹಸಿ ಇಟ್ಟಿಗೆ ಕೇಳಿ ಪಡೆದು, ಒಂದನ್ನು ಬರಿದೇ ಇಟ್ಟು, ಇನ್ನೊಂದಕ್ಕೆ ಗರಿ ಮುಚ್ಚಿ, ತೂತು ಮಾಡಿದ ಬೇರೊಂದು ಡಬ್ಬದಿಂದ ಎರಡರ ಮೇಲೂ ಒಂದೇ ಸಮ ನೀರು ಸುರಿಸಿದ್ದಳು. ಬರಿದೇ ಇಟ್ಟದ್ದು ಸಿಡುಬು ಬಂದ ಮುಖದಂತಾಗಿತ್ತು. ಗರಿ ಮುಚ್ಚಿದ್ದರ ಮೇಲೂ ಎಲೆಯ ತುದಿಯಿಂದ ತೊಟ್ಟಿಕ್ಕಿದ ನೀರು ಸಾಲಾಗಿ ಗುಳಿ ಬಿಟ್ಟಿತ್ತು. 'ಮಂ' ಇಟ್ಟಿಗೆ ಮಾತ್ರ ನುಣ್ಣಗೆ ಇತ್ತು. ನಾನು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಸವರಿ ನೋಡಿದೆ. ಬೆಳಗ್ಗೆ ಆನೆಗಳ ಮುಂದೆ ನಿಂತಾಗ ಬಾರದ ಕಣ್ಣೀರು ಇಲ್ಲಿ ಬಂತು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆ ದಿನ ಸಂಜೆಯ ಬಸ್ಸಿಗೆ ಬೇಲೂರಿಗೆ ಹೋದೆ. ಜಯಮ್ಮನಿಗೆ ಶನಿವಾರ ಬೆಳಗ್ಗೆ ಶಾಲೆಯಿತ್ತು, ಅದಕ್ಕೆ ಇಟ್ಟಿಗೆಗಳನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಒಪ್ಪಿಸಿದಳು. ನಿನ್ನ ಮೇಲೆ ಸಂಶಯಪಟ್ಟವಳ ಕೈಗೇ ಸಾಕ್ಷಿಯನ್ನು ಕೊಡುತ್ತಿದ್ದೀಯಲ್ಲ ಎಂದರೆ, "ನೀವು ಒಡೆದ್ರೆ ಎಲ್ರಿಗೂ ಗೊತ್ತಾಗ್ತದೆ" ಎಂದಳು. ರಂಗಸ್ವಾಮಿ ಗಂಟು ನೋಡಿ, "ಏನಮ್ಮಾವ್ರೇ, ಬೇಲೂರಲ್ಲಿ ಕಲ್ಲು ಸಾಲ್ದು ಅಂತ ಇಲ್ಲಿಂದ ಇಟ್ಟಿಗೆ ಹೊತ್ಕೊಂಡ್ ಹೊಂಟ್ರಾ?" ಎಂದು ನಕ್ಕರು. ಆ ಹತ್ತು ಹನ್ನೆರಡು ಮೈಲಿ ನಾನು ಗಂಟನ್ನು ಕೂಸಿನ ಹಾಗೆ ಹಿಡಿದು ಕೂತಿದ್ದೆ.

ಶನಿವಾರ ಬೆಳಗ್ಗೆ ಚೆನ್ನಕೇಶವನ ದರ್ಶನ ಮಾಡಿ, ಹೋಟೆಲಿನಲ್ಲಿ ಅನ್ನ ಸಾರು ಉಂಡು ಶಾಲೆಗೆ ಹೋದೆ. ಜಗಲಿಯ ಮೇಲೆ ಇಪ್ಪತ್ತು ಮಕ್ಕಳು ಸುತ್ತ ಕೂತಿದ್ದರು. ಅರೇಹಳ್ಳಿಯಿಂದ ಬಂದ ಇಬ್ಬರು ತಲೆಯ ಮೇಲಿನ ಗೋಣಿಕೊಪ್ಪೆಯನ್ನು ಇನ್ನೂ ತೆಗೆದಿರಲಿಲ್ಲ, ಅವರೂರಿನಲ್ಲಿ ಆಗಲೂ ಮಳೆ ಸುರಿಯುತ್ತಿತ್ತಂತೆ. ಬೇಲೂರಿನ ಮೇಷ್ಟ್ರು ಒಂದು ಮೂಲೆಯಲ್ಲಿ ನೆಲದ ಮೇಲೇ ಕೂತಿದ್ದರು, ಸಭೆ ನಡೆಸಿದ್ದು ಮಕ್ಕಳೇ. ಜಯಮ್ಮ ಎದ್ದು ನಿಂತು ಹದಿನೇಳು ಮನೆಯ ಪಟ್ಟಿ ಓದಿದಳು. ಆಮೇಲೆ ಇಟ್ಟಿಗೆಗಳು ಕೈಯಿಂದ ಕೈಗೆ ಹೋದವು.

"ಮಂಗಳವಾರ ಅಂದ್ರೆ ಇದೇ ಮಂಗಳವಾರ ಅಂತ ಏನ್ ಗ್ಯಾರಂಟಿ?" ಎಂದು ಬೇಲೂರಿನ ಹುಡುಗಿಯೊಬ್ಬಳು ಕೇಳಿದಳು. ಮಲೆನಾಡಿನ ಪ್ರಶ್ನೆ ಕೇಳಿದವಳೂ ಅವಳೇ ಅಂತೆ.

ಜಯಮ್ಮ ಪುಸ್ತಕದಲ್ಲಿ ತನ್ನದೇ ಅಂಕಣ ತೋರಿಸಿದಳು. ಹಿಂದಿನ ಮಂಗಳವಾರ ಹಗರೆಯಲ್ಲಿ ಹದಿನಾಲ್ಕು ಮಿಲಿಮೀಟರ್ ಮಳೆಯಾಗಿತ್ತು. "ಹಳೇ ವಾರದ್ದಾಗಿದ್ರೆ ಇದು ಕರಗಿ ಕೆಸರಾಗಿರೋದು."

ಆ ಹುಡುಗಿ ಇಟ್ಟಿಗೆಯ ಕೋಳಿಹೆಜ್ಜೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, "ಹಗರೆ ಡಬ್ಬ ಹಗರೆಯಲ್ಲೇ ಇರಲಿ" ಎಂದಳು. ಇಪ್ಪತ್ತು ಕೈಗಳು ಮೇಲೆದ್ದವು. ಜಯಮ್ಮ ಆಗ ಮೊದಲ ಸಲ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಹಳೇಬೀಡಿನ ಸುಜಾತ ಹೋಗಿ ಅವಳ ಪಕ್ಕ ಕೂತಳು.

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಸಂಶಯಪಟ್ಟವರು ಅದೇ ಸಾಲಿನ ಎದುರು ಕಾರಣ ಬರೆಯಬೇಕು, ಅದೂ ನಿಯಮ. ನನ್ನ ಕೆಂಪು ಗುರುತನ್ನು ಕಾಗದ ಅಂಟಿಸಿ ಮುಚ್ಚಿಬಿಡೋಣವೇ ಎಂದು ಕಡೆಯದಾಗಿ ಒಮ್ಮೆ ಕೇಳಿ ನೋಡಿದೆ. ಜಯಮ್ಮ ಕಣ್ಣೊರೆಸಿಕೊಂಡು, "ಅದು ಇರ್ಲಿ ಬಿಡಿ ಮೇಡಮ್ಮೋರೆ. ನೀವು ಕೇಳಿದ್ದು ತಪ್ಪಲ್ಲ. ಊರಿಗೆ ಬಂದು ನೋಡ್ದೆ ಕೇಳಿದ್ರಿ, ಅಷ್ಟೇ" ಎಂದಳು. ನಾನು ಬರೆದೆ: "ಎರಡು ಬದಿಯ ಮಳೆ ನೋಡಿ ನಡುವಿನ ಊರನ್ನು ನಂಬಲಿಲ್ಲ. ಇಟ್ಟಿಗೆ ನೋಡಿದ ಮೇಲೆ ನಂಬಿದೆ. ಹಗರೆಯ ಸೊನ್ನೆ ಸರಿ." ಕೆಳಗೆ ಸಹಿ ಹಾಕಿದೆ. ಕಚೇರಿಯಲ್ಲಿ ಸಾವಿರಾರು ಸಹಿ ಹಾಕಿದ್ದೇನೆ, ಕಣ್ಣಾರೆ ನೋಡಿ ಹಾಕಿದ್ದು ಇದೊಂದೇ.

ಹೊರಡುವಾಗ ಮೇಷ್ಟ್ರನ್ನು ಕೇಳಿದೆ, ಮಲೆನಾಡು ಕೊನೆಗೂ ಯಾವ ಸ್ಟಾಪಿನಲ್ಲಿ ಶುರುವಾಗುತ್ತದೆ ಎಂದು. "ನಂಗಿನ್ನೂ ಗೊತ್ತಿಲ್ಲ ಮೇಡಂ. ಇನ್ನೂ ಎರಡು ಮಳೆಗಾಲ ಅಳೀಬೇಕು ಅಂತಾರೆ ಇವರು" ಎಂದು ಅವರು ಮಕ್ಕಳ ಕಡೆ ಕೈ ತೋರಿಸಿದರು.

ಭಾನುವಾರ ಅದೇ ದಾರಿಯಲ್ಲಿ ಅರಸೀಕೆರೆಗೆ ಬಂದು ರೈಲು ಹಿಡಿದೆ. ಸೋಮವಾರ ಕಚೇರಿಯಲ್ಲಿ ಫಾರಂಗಳ ಕಟ್ಟು ಕಾದಿತ್ತು. ಐದನೆಯ ಹಾಳೆಯಲ್ಲೇ ಸಿಕ್ಕಿತು: ಎಲ್ಲಿಯದೋ ಹೆಸರು ಕೇಳದ ಒಂದು ಊರು, ಆಚೆ ಈಚೆ ಜಡಿಮಳೆ, ನಡುವೆ ಒಂದು ಸೊನ್ನೆ. ಕೈ ಪೆನ್ಸಿಲ್ಲಿಗೆ ಹೋಯಿತು. ತೆಗೆದು ಕೆಳಗಿಟ್ಟೆ. ಪದ್ಮಾಳ ಹತ್ತಿರ ಒಂದು ಪೋಸ್ಟ್ ಕಾರ್ಡ್ ಇಸಕೊಂಡು ಆ ಊರಿನ ಸರ್ಕಾರಿ ಶಾಲೆಯ ವಿಳಾಸಕ್ಕೆ ಬರೆದೆ: "ಮಕ್ಕಳೇ, ಆ ದಿನ ನಿಮ್ಮೂರಿನಲ್ಲಿ ಯಾರಾದರೂ ಇಟ್ಟಿಗೆ ಬಡಿದಿದ್ದರೇ?"