ಹಳ್ಳದ ಉಸುಕಿನಲ್ಲಿ ಮಾತು ತೆಗೆಯುವ ಗಾಳೆಮ್ಮ

ಬೆಳಗಿನ ಐದೂವರೆ. ಮೇ ತಿಂಗಳ ಮಸ್ಕಿ ಹಳ್ಳದಲ್ಲಿ ಹರಿಯುವ ನೀರಿಲ್ಲ, ಉಸುಕು ಮಾತ್ರ ಇನ್ನೂ ತಂಪಾಗಿದೆ. ಆ ಉಸುಕಿನಲ್ಲಿ ಮಂಡಿಯೂರಿ ಗಾಳೆಮ್ಮ ನೀರಿಗಾಗಿ ವರತಿ ಗುಂಡಿ ತೋಡುತ್ತಿದ್ದಾರೆ. ಸುತ್ತ ಇಪ್ಪತ್ತೆರಡು ಮಕ್ಕಳು. ಮೊಣಕೈ ಆಳಕ್ಕೆ ಹೋದಾಗ ತಳದಲ್ಲಿ ನೀರು ಜಿನುಗುತ್ತದೆ, ಮಕ್ಕಳು ಕೇಕೆ ಹಾಕುತ್ತಾರೆ. ಗುಬ್ಬಿಮನೆ ಕಟ್ಟಲು ಎಲ್ಲರಿಗೂ ನೀರು ಬೇಕು. ಆದರೆ ಮೊಗೆಯಲು ಇರುವುದು ಒಂದೇ ತೆಂಗಿನ ಚಿಪ್ಪು, ಅದು ಗಾಳೆಮ್ಮನ ಕೈಯಲ್ಲಿ.

ಒಬ್ಬ ಹುಡುಗಿ ಸುಮ್ಮನೆ ಕೈ ಚಾಚುತ್ತಾಳೆ. ಗಾಳೆಮ್ಮ ಆ ಕೈಯಲ್ಲಿ ಕಲ್ಲಿಡುತ್ತಾರೆ. ಹುಡುಗಿ ಕಲ್ಲು ಬಿಸಾಡಿ ಮತ್ತೆ ಚಾಚುತ್ತಾಳೆ. ಈ ಸಲ ಬೇವಿನ ಎಲೆ.

"ಇದೂ ಅಲ್ಲೇನಬೇ? ಮತ್ತೇನ್ ಬೇಕು? ನಾ ಮುದುಕಿ, ನನಗ ತಿಳಿವಲ್ದು."

ಹುಡುಗಿ ಕಾಲು ಅಪ್ಪಳಿಸಿ "ನೀ..." ಅನ್ನುತ್ತಾಳೆ. ಆ ಅರ್ಧ ಮಾತನ್ನು ಗಾಳೆಮ್ಮ ಪೂರ್ತಿ ಮಾಡಿಕೊಡುವುದಿಲ್ಲ, ಬಾಯಿ ನೋಡುತ್ತಾ ಕಾಯುತ್ತಾರೆ. ಕೊನೆಗೆ "ನೀರು!" ಅಂತ ಚೀರಿದ ಮೇಲೆಯೇ ಚಿಪ್ಪು ತುಂಬಿ ಬರುತ್ತದೆ.

ದಂಡೆಯ ಮೇಲೆ ನಿಂತು ಇದನ್ನು ನೋಡುವ ನನಗೆ ಹೊಟ್ಟೆ ಉರಿಯುತ್ತದೆ. ಎಲೆಮರೆಯ ಕಾಯಿಯನ್ನು ಪರಿಚಯಿಸಲು ಬಂದವಳು ಹೀಗೆ ಬರೆಯಬಾರದು, ಗೊತ್ತಿದೆ. ಸುಳ್ಳು ಬರೆದು ಏನು ಮಾಡಲಿ? ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆ ಇಪ್ಪತ್ತೆರಡರಲ್ಲಿ ಒಬ್ಬಳು ನನ್ನ ಮಗಳು ಪಂಪಾವತಿ. ನಾಲ್ಕು ತುಂಬಿದೆ. ಕಳೆದ ತಿಂಗಳವರೆಗೂ ಒಂದು ಮಾತು ಆಡಿರಲಿಲ್ಲ.

ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ಲಿಂಗಸುಗೂರಿನ ಡಾಕ್ಟರು ಕಿವಿ ನೋಡಿ, "ಚೆನ್ನಾಗಿವೆ, ಹುಡುಗರ ಜೊತೆ ಆಡಲು ಬಿಡಿ" ಅಂದಿದ್ದರು. ನಾನು ಬಿಟ್ಟಿರಲಿಲ್ಲ. ಧೂಳು, ಬಿಸಿಲು, ಯಾರ್‍ಯಾರದೋ ಮಕ್ಕಳು ಎಂಬ ಬಿಗುಮಾನ ಬೇರೆ. ಗಂಡನಿಗೆ ಹಟ್ಟಿ ಗಣಿಯಲ್ಲಿ ಪಾಳಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ನಾವಿಬ್ಬರೇ. ಅವಳು ಗಡಿಗೆಯ ಕಡೆ ಕಣ್ಣು ಹೊರಳಿಸುವುದರೊಳಗೆ ನಾನು ನೀರು ಹಿಡಿದು ನಿಂತಿರುತ್ತಿದ್ದೆ. ತಾಯಿ ಅಂದರೆ ಹಾಗಿರಬೇಕು ಅಂದುಕೊಂಡಿದ್ದೆ.

ಗಾಳೆಮ್ಮ ಅಂಗನವಾಡಿಯ ಆಯಾ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಉಪ್ಪಿಟ್ಟು ಬೇಯಿಸುವುದು, ಕಸ ಹೊಡೆಯುವುದು ಅವರ ಕೆಲಸ. ಬೇಸಿಗೆ ರಜೆಯಲ್ಲಿ ಹಳ್ಳಕ್ಕೆ ಕರೆತರಲು ಯಾರೂ ಹೇಳಿಲ್ಲ. 1984ರಿಂದ ಈ 1991ರವರೆಗೆ ಒಂದು ಬೇಸಿಗೆಯನ್ನೂ ತಪ್ಪಿಸಿಲ್ಲ. ಐದೂವರೆಗೆ ಬಂದರೆ ಎಂಟಕ್ಕೆ, ಉಸುಕು ಕಾಯುವ ಮುಂಚೆ, ಎಲ್ಲರನ್ನೂ ಮನೆ ಮುಟ್ಟಿಸುತ್ತಾರೆ. ತಡವಾಗಿ ಮಾತು ಬಂದ ಮಕ್ಕಳು ಈವರೆಗೆ ಹನ್ನೊಂದು. ಹನ್ನೊಂದೂ ಹೆಸರು ಬಾಯಲ್ಲೇ ಇವೆ.

ಈ ವಿದ್ಯೆ ಎಲ್ಲಿ ಕಲಿತಿರಿ ಅಂದರೆ ನಗುತ್ತಾರೆ. "ವಿದ್ಯೆ ಎಲ್ಲಿದ್ರಿ? ನನ್ನ ಮಗ ಆದಪ್ಪಗ ಆರು ವರ್ಷ ಆದ್ರೂ ಮಾತಿರಲಿಲ್ಲ. ಗಂಡ ತೀರಿಹೋಗಿದ್ದ. ಬ್ಯಾಸಿಗ್ಯಾಗ ನೀರು ಬಂದ್ ಮಾಡಿದಾಗ ಸಿಂಧನೂರ ಕಡೆ ಕಾಲುವಿ ಹೂಳು ತೆಗ್ಯಾಕ ಹೋಗಿದ್ದೆ. ನಾ ಬುಟ್ಟಿ ಹೊರಾಕಿ, ಅವ ಕೂಲಿಯವರ ಮಕ್ಕಳ ಕೂಡ ಬತ್ತಿದ ಕಾಲುವ್ಯಾಗ ಆಡಾಂವ. ಇವನ ಕೈಸನ್ನಿ ಆ ಹುಡುಗರಿಗೆ ತಿಳೀಲಿಲ್ರಿ. ಬಾಯಿ ಬಿಡಲೇಬೇಕಾತು."

ಆ ಆದಪ್ಪ ಈಗ ಟೆಂಪೋದ ಹಿಂದೆ ಜೋತುಬಿದ್ದು "ಸಿಂಧನೂರ, ಸಿಂಧನೂರ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. "ಈಗ ಸುಮ್ನಿರಲೇ ಅಂದ್ರ ಸುಮ್ನಿರಂಗಿಲ್ಲ," ಎಂದು ಗಾಳೆಮ್ಮ ಬೈಯುವಾಗ ಮುಖ ಅರಳುತ್ತದೆ.

ಬೇರೆ ದಾರಿ ಕಾಣದೆ ಕೊನೆಗೆ ಪಂಪಾವತಿಯನ್ನು ಹಳ್ಳಕ್ಕೆ ಕಳಿಸಿದ ಹನ್ನೆರಡನೇ ದಿನ. ಹೊತ್ತಾಯಿತೆಂದು ನಾನು ಅವಳ ಕೈ ಹಿಡಿದು ಎಳೆದೆ. ಕೈ ಕಿತ್ತುಕೊಂಡವಳೇ ಗಾಳೆಮ್ಮನ ಸೀರೆ ಹಿಡಿದು, ನನ್ನ ಮುಖಕ್ಕೇ "ಒಲ್ಲೆ" ಅಂದಳು. ಅದು ಅವಳ ಮೊದಲ ಮಾತು. ನಾಲ್ಕು ವರ್ಷ 'ಅವ್ವ' ಅನ್ನಿಸಿಕೊಳ್ಳಲು ಕಾದವಳಿಗೆ ಸಿಕ್ಕಿದ್ದು ಇದು, ಅದೂ ಬೇರೆಯವಳ ಸೆರಗಿನಿಂದ. ಖುಷಿಯೂ ಆಯಿತು. ಆದರೆ ಬಾಯಿಂದ ಬಂದದ್ದು ಬೇರೆ: "ಇದನ್ನೇನು ಕಲಿಸಿದ್ರಿ ಗಾಳೆಮ್ಮಾ?"

"ನಾ ಕಲಿಸಿಲ್ರಿ ಅಕ್ಕೋರ. ಒಲ್ಲೆ ಅನ್ನಾಕ ಧೈರ್ಯ ಬೇಕು. ಆ ಧೈರ್ಯ ಕೂಸಿಗೆ ಅವ್ವನ ಮುಂದ ಮಾತ್ರ ಇರ್ತೈತಿ."

ನನಗೆ ಸಮಾಧಾನವಾಗಲಿಲ್ಲ. ಎರಡು ದಿನ ಮಗಳನ್ನು ಮನೆಯಲ್ಲೇ ಇಟ್ಟುಕೊಂಡೆ. ಆಯಾಗೆ ಬರುವುದು ಟೀಚರಿಗೆ ಬರುವುದಿಲ್ಲವೇ ಅಂತ ಹಟ. ಅವಳು ಲೋಟಕ್ಕೆ ಕೈ ಚಾಚಿದರೆ ಚಮಚ ಕೊಟ್ಟೆ. ಅವಳು ಅತ್ತಳು. ಅತ್ತ ಕೂಡಲೇ ಲೋಟ ಕೊಟ್ಟುಬಿಟ್ಟೆ. ಎರಡು ದಿನವೂ ಮನೆಯಲ್ಲಿ ಒಂದು ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಸೋತ ಮುಖ ಹೊತ್ತು ಹಳ್ಳಕ್ಕೆ ಇಳಿದೆ.

ಗಾಳೆಮ್ಮ ಚಿಪ್ಪನ್ನು ನನ್ನ ಕೈಗಿಟ್ಟು, "ಇವತ್ತು ನೀರು ನಿಮ್ಮವ್ವನ ಹತ್ರ ಐತಿ, ಅಲ್ಲೇ ಕೇಳು" ಎಂದು ಮಗಳಿಗೆ ಹೇಳಿ ಆಚೆ ಹೋದರು. ಪಂಪಾವತಿ ನನ್ನ ಮುಂದೆ ಬಂದು ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳು ತುಟಿ ಬಿಗಿದಳು, ಕಣ್ಣು ತುಂಬಿಕೊಂಡಳು. ಆಗಲೂ ಕೊಡಲಿಲ್ಲ.

"ಅವ್ವಾ, ನೀರು."

ತಲೆಯೆತ್ತಿ ನೋಡಿದರೆ ಗಾಳೆಮ್ಮ ಬೆನ್ನು ತಿರುಗಿಸಿ ಕೂತಿದ್ದರು. ಯಾಕೆ ಈ ಕಡೆ ನೋಡಲಿಲ್ಲ ಎಂದು ಆಮೇಲೆ ಕೇಳಿದೆ.

"ನನಗೂ ಹೊಟ್ಟಿಕಿಚ್ಚು ಐತ್ರಿ ಅಕ್ಕೋರ. ಕೂಸುಗಳು ಮೊದಲ್ನೇ ಮಾತು ಇಲ್ಲಿ ಆಡ್ತಾವ, ಉಳಿದಿದ್ದೆಲ್ಲಾ ನಿಮ್ಮ ಮನ್ಯಾಗ. ಜೂನ್‌ದಾಗ ಸಾಲಿಗೆ ಹೋದ್ವು ಅಂದ್ರ ನನ್ನ ಗುರ್ತನೂ ಹಿಡಿಯಂಗಿಲ್ಲ."

ನಿಮಗೇನಾದರೂ ಬೇಕೇ ಎಂದು ಕೇಳಿದರೆ ಹೇಳುತ್ತಾರೆ: "ಏನೂ ಬ್ಯಾಡ್ರಿ. ಆಕಿ ಮನ್ಯಾಗ ಏನೇನ್ ಮಾತಾಡಿದ್ಲು ಅಂತ ಸಂಜೀಮುಂದ ನಮ್ಮ ಬಾಗಲಕ್ಕ ನಿಂತು ಒಂದೀಟು ಹೇಳಿ ಹೋಗ್ರಿ. ಕೇಳಿದ್ರ ಸಾಕು."

ದಿನಾ ಸಂಜೆ ಹೋಗಿ ಹೇಳಿ ಬರುತ್ತೇನೆ. ಎಲ್ಲವನ್ನೂ ಅಲ್ಲ. ಒಂದೆರಡು ಮಾತು ನನಗೇ ಇಟ್ಟುಕೊಳ್ಳುತ್ತೇನೆ.