ಬಾವಿಗಿಳಿದ ಕಾಲು

ತಿಕೋಟಾದ ಗುರುಬಾಯಿ ಜೀವಮಾನದಲ್ಲಿ ಒಂದು ತಪ್ಪನ್ನೂ ಮಾಡಿದವಳಲ್ಲ. ಇದನ್ನು ಅವಳೇ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ರೊಟ್ಟಿ ಸೀದರೆ ಕಟ್ಟಿಗೆಯದು ತಪ್ಪು, ಎಡವಿದರೆ ಹೊಸ್ತಿಲದ್ದು, ಮೊಸರು ಹುಳಿಯಾದರೆ ಎಮ್ಮೆ ಮಾರಿದವನದು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸಕ್ಕರೆ, ಸೀಮೆಎಣ್ಣೆ ಸಿಗದಾದಾಗ ಅವಳಿಗೆ ಇನ್ನೂ ಅನುಕೂಲವಾಯಿತು. ಏನೇ ಕೆಟ್ಟರೂ ಸರಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ಆದರೂ ಓಣಿಗೆ ಅವಳೆಂದರೆ ಅಕ್ಕರೆ. ಬಾಣಂತಿಯಿದ್ದ ಮನೆಗೆ ಮೊದಲು ಹೋಗುವವಳು ಅವಳೇ. ಬಯ್ಯುತ್ತಲೇ ಹೋಗಿ, ಬಯ್ಯುತ್ತಲೇ ಎಲ್ಲ ಕೆಲಸ ಮಾಡಿಕೊಟ್ಟು ಬರುವಳು.

ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಅಮೋಘಿ ವಿಜಾಪುರದ ಹತ್ತಿ ಗಿರಣಿಯಲ್ಲಿ ದುಡಿಯುತ್ತ ಅಮಾವಾಸ್ಯೆಗೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಉಳಿದವರು ಗುರುಬಾಯಿ ಮತ್ತು ಬಬಲೇಶ್ವರದಿಂದ ತಂದ ಸೊಸೆ ಶಂಕ್ರೆವ್ವ. ಸೊಸೆಯೆಂದರೆ ಅತ್ತೆಗೆ ಪ್ರಾಣ. ಬಾಯಿಬಿಟ್ಟು ಹೇಳಿದರೆ ಹುಡುಗಿ ತಲೆಯ ಮೇಲೆ ಕೂಡುತ್ತಾಳೆಂದು ಹೇಳಿರಲಿಲ್ಲ, ಅಷ್ಟೆ.

ಆ ಬೇಸಿಗೆಯಲ್ಲಿ ಶಂಕ್ರೆವ್ವನ ಕಾಲಿಗೆ ನಾರುಹುಣ್ಣು ಎದ್ದಿತು. ಪಾದದ ಬಳಿ ಗುಳ್ಳೆ ಬಂದು ಒಡೆದು, ಒಳಗಿನಿಂದ ದಾರದಂಥ ಬಿಳಿ ಹುಳ ತಲೆ ಹಾಕಿತು. ನಾರು ಆ ಸೀಮೆಗೆ ಹೊಸದಲ್ಲ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಹೊರಗೆಳೆಯಬೇಕು. ನಡುವೆ ಹರಿದರೆ ಕಾಲು ಬಾತು, ಜನ್ಮವಿಡೀ ಕುಂಟಬೇಕಾಗಬಹುದು. ಶಂಕ್ರೆವ್ವನ ನಾರು ಹರಿಯಿತು. ಕಾಲು ಕುಂಬಳಕಾಯಿಯಂತಾಯಿತು. ಹುಡುಗಿ ಮತ್ತೆ ನೆಟ್ಟಗೆ ನಡೆದಾಳೋ ಇಲ್ಲವೋ ಯಾರೂ ಹೇಳಲಾರದಾದರು.

"ಎಲ್ಲಾ ನಿಮ್ಮ ಬಬಲೇಶ್ವರದ ನೀರಿನ ಕಾಟ. ತವರಮನಿಯಿಂದ ಹೊತಗೊಂಡ ಬಂದೀ," ಎಂದು ಗುರುಬಾಯಿ ಬೇವಿನ ಸೊಪ್ಪು ಅರೆದು ಕಟ್ಟುತ್ತ ಕಣ್ಣೊರೆಸಿಕೊಂಡಳು.

ಊರಲ್ಲಿ ಆ ವರ್ಷ ನಾರು ಹೆಚ್ಚೇ ಇತ್ತು. ಮೇಲಿನ ಓಣಿಯವರು ಕೆಳಗಿನ ಓಣಿಯವರನ್ನು ಬಯ್ದರು, ಕೆಳಗಿನವರು ಸಂತೆಗೆ ಬರುವ ಪರವೂರಿನವರನ್ನು ಬಯ್ದರು, ಆಮೇಲೆ ಎಲ್ಲರೂ ಸೇರಿ ಸರಕಾರವನ್ನು ಬಯ್ದರು. ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕಲು ಸೈಫುದ್ದೀನ ಎಂಬವರು ವಿಜಾಪುರದಿಂದ ಬರುತ್ತಿದ್ದರು. ಆ ಸಲ ಅವರು ಬಂದಾಗ ಜನ ಬಾವಿಯ ಬಳಿ ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ನಿಂತವಳು ಗುರುಬಾಯಿ.

"ಈ ನಾರು ಯಾರು ತಂದು ಹಾಕಾಕತ್ತಾರ, ಹೆಸರ ಹೇಳ್ರಿ ಸಾಹೇಬ್ರ. ಮುಂದಿಂದು ನಾ ನೋಡಕೋತೀನಿ!"

ಅದು ಮೆಟ್ಟಿಲ ಬಾವಿ. ಹೆಂಗಸರು ಕೆಳಗಿಳಿದು ನೀರೊಳಗೆ ನಿಂತು ಕೊಡ ತುಂಬುತ್ತಿದ್ದರು. ಸೈಫುದ್ದೀನರು ಅವರತ್ತ ಕೈ ತೋರಿಸಿದರು.

"ನಾರೆದ್ದ ಕಾಲು ನೀರಾಗ ಇಟ್ರ ಅದು ಅಲ್ಲೇ ಮರಿ ಬಿಡತೈತಿ. ಆ ನೀರು ಕುಡದವರ ಮೈಯಾಗ ಬೆಳದು ಮುಂದಿನ ವರ್ಸ ಹೊರಗ ಬೀಳತೈತಿ. ಹೋದ ವರ್ಸ ನಾರೆದ್ದಾಗ ಬಾವ್ಯಾಗ ಕಾಲಿಟ್ಟವರು ಯಾರಂತ ನೀವ ನೆನಪ ಮಾಡಿಕೋರಿ, ಯವ್ವಾ."

"ನಾವಲ್ಲ ಬಿಡ್ರಿ," ಎಂದರು ಜನ, ಒಬ್ಬರಾದ ಮೇಲೆ ಒಬ್ಬರು.

ಗುರುಬಾಯಿಗೆ ನೆನಪಾಯಿತು. ಹೋದ ವರ್ಷ ಶಂಕ್ರೆವ್ವ ತವರಿಗೆ ಹೊರಟಿದ್ದಳು. ಕಳಿಸದೆ ಉಳಿಸಿಕೊಂಡವಳು ತಾನೇ, ಬಬಲೇಶ್ವರದ ನೀರನ್ನು ಅವಳು ಕುಡಿದೇ ಇರಲಿಲ್ಲ. ಆಗ ತನ್ನ ಹಿಮ್ಮಡಿಯಲ್ಲಿ ನಾರೆದ್ದಿತ್ತು. ಬೆಂಕಿಯಿಟ್ಟಂಥ ಉರಿ. ಕುಂಟುತ್ತಲೇ ಬಾವಿಗಿಳಿದು, ಕಡೆಯ ಮೆಟ್ಟಿಲ ಮೇಲೆ ಕುಳಿತು, ಕಾಲನ್ನು ತಣ್ಣೀರಿನಲ್ಲಿ ಇಳಿಬಿಟ್ಟು, ಹಾಯೆನಿಸಿದ ಮೇಲೆ ಅಲ್ಲೇ ಕೊಡ ತುಂಬಿಕೊಂಡು ಬರುತ್ತಿದ್ದಳು. ಆ ನೀರನ್ನು ಕೈಯಾರೆ ಸೊಸೆಗೆ ಕುಡಿಸಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಬಾತುಹೋದ ಆ ಕಾಲು ಕಣ್ಣೆದುರಿಗೆ ಬಂದು ಅವಳಿಗೆ ಸುಮ್ಮನಿರಲಾಗಲಿಲ್ಲ.

"ನಾ ಇಟ್ಟೀನ್ರಿ," ಎಂದಳು.

ಜನಕ್ಕೆ ಹೋದ ಜೀವ ಬಂದಂತಾಯಿತು. ಪಕ್ಕದ ಮನೆಯ ಲಕ್ಕವ್ವನಂತೂ ಗಲ್ಲ ಬಡಿದುಕೊಂಡು, "ಹಂಗಾದ್ರ ಊರ ನಾರೆಲ್ಲಾ ಈಕಿ ಕಾಲಿಂದು!" ಎಂದಳು. ಹೋದ ವರ್ಷ ಲಕ್ಕವ್ವನ ಎರಡೂ ಕಾಲಿಗೆ ನಾರೆದ್ದಿತ್ತು.

ಗುರುಬಾಯಿ ಸೆರಗು ಬಿಗಿದಳು. "ನನ್ನ ಕಾಲು ನಂದು ಅಂತ ಒಪ್ಪಿಕೊಂಡೀನಿ. ನಿನ್ನ ಕಾಲನೂ ನಾನ ಹೊರಬೇಕೇನು? ಅದನ್ನ ನೀ ನೋಡ್ಕೋಬೇ."

ಯಾರೋ ಕಿಸಕ್ಕನೆ ನಕ್ಕರು. ಲಕ್ಕವ್ವ ಕೊಡ ಎತ್ತಿಕೊಂಡು ಹಿಂದೆ ಸರಿದಳು. ನೀರನ್ನು ಮೇಲಿನಿಂದ ಹಗ್ಗದಲ್ಲಿ ಸೇದಿ, ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಹೇಳಿ ಸೈಫುದ್ದೀನರು ಮುಂದಿನ ಊರಿಗೆ ಹೊರಟರು.

ಊರಿಗೆ ಹೇಳುವುದು ಸುಲಭ, ಮನೆಯಲ್ಲಿ ಹೇಳುವುದು ಕಷ್ಟ. ಗುರುಬಾಯಿ ಸೊಸೆಯ ಹಾಸಿಗೆಯ ಬಳಿ ಹೋಗಿ ಕುಳಿತಳು.

"ಶಂಕ್ರೆವ್ವಾ, ನಿನ್ನ ಕಾಲು ತವರಮನಿ ನೀರಿಂದ ಕೆಟ್ಟಿಲ್ಲ. ನಾ ಕುಡಿಸಿದ ನೀರಿಂದ ಕೆಟ್ಟೈತಿ."

ಶಂಕ್ರೆವ್ವ ಎಲ್ಲವನ್ನೂ ಕೇಳಿದಳು. ಕೇಳಿ ಅಳತೊಡಗಿದಳು. "ಅತ್ತಿ, ನಾರು ಹರಿಯೂಕಿಂತ ಮೊದಲ, ಉರಿ ತಾಳಲಾರದ, ನಾನೂ ಬಾವ್ಯಾಗ ಕಾಲಿಟ್ಟೀನ್ರಿ."

ಆ ನೀರನ್ನು ಇಬ್ಬರೂ ಕುಡಿದಾಗಿತ್ತು. ಗುರುಬಾಯಿ ಬಯ್ಯಲಿಲ್ಲ. ಸೊಸೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಅತ್ತಳು.

ಮರುದಿನ ಬೆಳಿಗ್ಗೆ ಅವಳು ಹಗ್ಗ, ಕೊಡ ಹಿಡಿದು ಬಾವಿಯ ಬಾಯಿಗೆ ಕುಳಿತಳು. ಇಳಿಯಲು ಬಂದವರಿಗೆ ಬೈಗುಳ ಉಚಿತ, ಸೇದಿದ ನೀರೂ ಉಚಿತ. ಕೆಲವರು ನಕ್ಕರು, ಕೆಲವರು ಜಗಳಾಡಿ ಇಳಿದೇ ಬಿಟ್ಟರು. ಒಂದು ದಿನ ಲಕ್ಕವ್ವ ಬಂದು, ತನ್ನ ಕಾಲಿನ ಸುದ್ದಿ ಎತ್ತದೆ, ಹಗ್ಗಕ್ಕೆ ಕೈ ಹಚ್ಚಿದಳು. ಮಳೆಗಾಲದ ಹೊತ್ತಿಗೆ ಶಂಕ್ರೆವ್ವನ ಬಾವು ಇಳಿಯಿತು. ಕಾಲು ತುಸು ಎಳೆಯುತ್ತಿತ್ತು, ಆದರೆ ಹುಡುಗಿ ನಡೆದಳು. ಗುರುಬಾಯಿ ಓಣಿಗೆಲ್ಲ ಬೆಲ್ಲ ಹಂಚಿದಳು.

ಮುಂದಿನ ಬೇಸಿಗೆಯಲ್ಲಿ ಗುರುಬಾಯಿಯ ಮೊಣಕಾಲಿನ ಕೆಳಗೆ ಗುಳ್ಳೆ ಎದ್ದು ಒಡೆಯಿತು. ಬಿಳಿಯ ತುದಿ ಕಂಡೊಡನೆ ಶಂಕ್ರೆವ್ವ ಅತ್ತೆಯ ಕಾಲು ಹಿಡಿದಳು. "ಇದು ನನ್ನ ಕಾಲಿಂದು, ಅತ್ತಿ. ನನ್ನ ಬಯ್ರಿ."

"ಯಾರ ಕಾಲಿಂದಾದ್ರೂ ಆಗ್ಲಿ ಬಿಡ, ಈಗ ನನ್ನ ಕಾಲಿಗೆ ಬಂದೈತಿ. ಕಡ್ಡಿ ತಾ, ಸುತ್ತೂನು."

ಉರಿ ನೆತ್ತಿಗೇರಿದ ದಿನವೂ ಅವಳು ಬಾವಿಯ ಕಡೆ ಹೆಜ್ಜೆಯಿಡಲಿಲ್ಲ. ಪಡಸಾಲೆಯಲ್ಲಿ ಹಲ್ಲು ಕಚ್ಚಿ ಕುಳಿತು, ಸರಕಾರವನ್ನೂ ಸೂರ್ಯನನ್ನೂ ಮನಸಾರೆ ಬಯ್ದು, ಕಡ್ಡಿಯನ್ನು ದಿನಾ ಒಂದಿಷ್ಟು ತಿರುಗಿಸಿದಳು. ನಾರು ಪೂರಾ ಹೊರಗೆ ಬಂದ ದಿನ ಅದನ್ನು ತನ್ನ ಕೈಯಿಂದಲೇ ಒಲೆಗೆ ಹಾಕಿದಳು. ಅವಳ ಕಾಲಿನಿಂದ ಅದು ಮುಂದೆ ಯಾರ ಮನೆಗೂ ಹೋಗಲಿಲ್ಲ.