ಯಲಹಂಕದ ಭಾನುವಾರದ ಮೇಷ್ಟ್ರು

ಐವತ್ತರ ದಶಕದ ಕೊನೆಯಲ್ಲಿ ಯಲಹಂಕದ ಶಾಲೆಯೊಂದರಲ್ಲಿ ಭಾನುವಾರ ಸಂಜೆ ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು ಉಪನ್ಯಾಸ ಕೊಡುತ್ತಿದ್ದರು. ವಿಜ್ಞಾನದಿಂದ ಶುರುವಾದ ಮಾತು ನೀತಿಗೆ, ಅಲ್ಲಿಂದ ದೇವರಿಗೆ ಹೊರಳುತ್ತಿತ್ತು. ಆಗಷ್ಟೇ ಮದುವೆಯಾಗಿ ಆ ಊರಿಗೆ ಬಂದಿದ್ದ ನಾನು ಕಿಟಕಿಯ ಪಕ್ಕ ಕೂರುತ್ತಿದ್ದೆ. ಕೆರೆಯ ಗಾಳಿಯಲ್ಲಿ ಅವರ ಮಾತು ಎಲ್ಲಿಂದಲೋ ತೇಲಿ ಬಂದಂತೆ ಕೇಳುತ್ತಿತ್ತು. ದೂರದಲ್ಲಿ ರೈಲು ಕೂಗಿದರೆ, ಕೂಗು ಕರಗುವವರೆಗೂ ಕಣ್ಣು ಮುಚ್ಚಿ ನಿಲ್ಲುವರು. ಯಾರು ಏನೇ ಕೇಳಲಿ, ಸೀಮೆಸುಣ್ಣದ ಬೆರಳನ್ನು ಕೋಟಿಗೆ ಒರೆಸಿಕೊಂಡು, "ತಾಳಿ, ಯೋಚ್ನೆ ಮಾಡೋಣ" ಎನ್ನುವರು.

ಒಮ್ಮೆ ಸಿಡುಬು ಹೇಗೆ ಹರಡುತ್ತದೆಂದು ವಿವರಿಸುತ್ತಿದ್ದಾಗ, ಅಟ್ಟೂರಿನಿಂದ ಬಂದಿದ್ದ ಹೆಂಗಸೊಬ್ಬಳು ಎದ್ದು ನಿಂತಳು.

"ಊರ್ನೋರು ಅಮ್ಮ ಮುನಿಸ್ಕೊಂಡ್ಳು ಅಂತಾರೆ. ನೀವು ಕಣ್ಣಿಗ್ ಕಾಣ್ದಿರೋ ಹುಳ ಅಂತೀರ. ನನ್ ಕೂಸು ಸತ್ತೋಯ್ತಲ್ಲ ಸ್ವಾಮಿ, ನಾನ್ ಯಾರ್ನ ಬಯ್ಲಿ?"

ಅಂದು ಅವರು ತಾಳಿ ಎನ್ನಲಿಲ್ಲ. "ನನ್ನೇ ಬಯ್ಯಿ ತಾಯಿ" ಎಂದರು.

ಅವಳು ನಿಜವಾಗಿಯೂ ಬೈದಳು. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಅವಳ ದನಿ ಸೋತ ಮೇಲೆ ವೇದಿಕೆಯಿಂದ ಇಳಿದು ಬಂದು, "ಕೂಸಿನ ಹೆಸರೇನಮ್ಮಾ?" ಎಂದು ಕೇಳಿದರು.

"ಚೆನ್ನಿ" ಎಂದಳು. ಸತ್ತ ಮಗುವಿನ ಹೆಸರೆತ್ತಬಾರದೆಂದು ಮನೆಯವರು ಅವಳ ಬಾಯಿ ಕಟ್ಟಿದ್ದರಂತೆ. ಇನ್ನೊಮ್ಮೆ, ಅಂಗಳದಿಂದ ಮಗುವನ್ನು ಕರೆಯುವ ಹಾಗೆ, "ಚೆನ್ನೀ" ಎಂದಳು. ನೀತಿಯ ಬಗ್ಗೆ ಮೇಷ್ಟ್ರು ಹೇಳಿದ್ದೆಲ್ಲ ಮರೆತಿದ್ದೇನೆ. ಆ ಹೆಸರು ಕೇಳಿದ್ದು ಮರೆತಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು.

"ಈಗ ಆ ಹುಳದ್ ಇಚಾರ ಮುಂದಕ್ ಹೇಳಿ ಸ್ವಾಮಿ."